ಅವಲೋಕನ ಪುಸ್ತಕದ ಒಂದು ಸಾಲು

ಜೂನ್ ತಿಂಗಳು, ಮಳೆ ಇನ್ನೂ ಹಿಡಿದಿರಲಿಲ್ಲ. ಗುಬ್ಬಿಯ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ. ಎಂಟನೇ ತರಗತಿ, ವಿಜ್ಞಾನ. ಮೊದಲ ವಾರವೇ ಅವಲೋಕನ ಪುಸ್ತಕದಲ್ಲಿ ಒಬ್ಬ ಹುಡುಗನ ಬಗ್ಗೆ ಬರೆದೆ: "ಪಾಠದ ಕಡೆ ಗಮನವಿಲ್ಲ. ತಲೆ ತಗ್ಗಿಸಿಯೇ ಕೂರುತ್ತಾನೆ." ಕಿಟಕಿ ಬಿಟ್ಟು ಗೋಡೆ ಮೂಲೆಗೆ ಸರಿಯುತ್ತಿದ್ದ. ಅದನ್ನೂ ಸೋಮಾರಿತನದ ಲೆಕ್ಕಕ್ಕೆ ಹಾಕಿದ್ದೆ. ಪಕ್ಕದವರು "ಮದ್ರಾಸ್ ಐ" ಎಂದು ದೂರ ಕೂರುತ್ತಿದ್ದರು.

ನಾಚಿಕೆಯ ಮಾತೆಂದರೆ, ಈ ಕಾಯಿಲೆ ನನಗೆ ಹೊಸದಲ್ಲ. ಕುಣಿಗಲ್‌ನಲ್ಲಿ ನನ್ನ ತಮ್ಮನಿಗೂ ಇದೇ ಇತ್ತು: ವರ್ನಲ್ ಕೆರಟೋಕಂಜಂಕ್ಟಿವೈಟಿಸ್. ಅಂಟುರೋಗವಲ್ಲ, ಅಲರ್ಜಿ. ಬಿಸಿಲು, ಧೂಳಿನ ಊರುಗಳಲ್ಲಿ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ರೆಪ್ಪೆಯ ಒಳಭಾಗ ಗಂಟುಗಂಟಾಗಿ ಊದುತ್ತದೆ, ನೂಲಿನಂಥ ಗೀಜು ಬರುತ್ತದೆ, ಬೆಳಕು ನೋಡಲಾಗುವುದಿಲ್ಲ. ತಮ್ಮನಿಗೆ ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಯನ್ನೇ ವರ್ಷಗಟ್ಟಲೆ ಹಾಕಿದೆವು. ತುರಿಕೆ ನಿಂತಿತು; ಕಣ್ಣಿನ ಒತ್ತಡ ಏರಿ, ಎಡಗಣ್ಣಿನ ಪಕ್ಕದ ನೋಟ ಹೋಯಿತು.

ಮೂರನೇ ವಾರ ಹುಡುಗನ ತಾಯಿ ಶಾಲೆಗೆ ಬಂದಾಗ ಬ್ಯಾಗಿನಿಂದ ಬಾಟಲಿ ತೆಗೆದರು. "ಇದು ಹಾಕಿದ್ರೆ ಎರಡೇ ದಿನಕ್ಕೆ ಕಮ್ಮಿಯಾಗುತ್ತೆ ಸಾರ್. ಬಿಟ್ರೆ ಮತ್ತೆ ಬರುತ್ತೆ." ತಮ್ಮನ ಬಾಟಲಿಯ ಮೇಲಿದ್ದ ಹೆಸರೇ. ನಾನು ವೈದ್ಯನಲ್ಲ, ತಮ್ಮನ ಕತೆಯಷ್ಟೇ ಹೇಳಿದೆ.

ಅದೇ ಶನಿವಾರ ತುಮಕೂರಿನ ಕಣ್ಣಿನ ಡಾಕ್ಟರು ಒತ್ತಡ ಅಳೆದು, ಹನಿಯನ್ನು ಹಂತಹಂತವಾಗಿ ಇಳಿಸಿ, 0.03% ಟ್ಯಾಕ್ರೋಲಿಮಸ್ ಮುಲಾಮು ಬರೆದುಕೊಟ್ಟರು. ಇದು ಸ್ಟೀರಾಯ್ಡ್ ಅಲ್ಲ. ಅಲರ್ಜಿಗೆ ಸಿಡಿದೇಳುವ ರೋಗನಿರೋಧಕ ಕಣಗಳನ್ನು ತಣಿಸುತ್ತದೆ, ಒತ್ತಡ ಏರಿಸುವುದಿಲ್ಲ. ಆದರೆ ಗುಣ ಕಾಣಲು ವಾರಗಳು ಬೇಕು, ಮೊದಮೊದಲು ಉರಿ ವಿಪರೀತ. "ಮೆಣಸಿನಕಾಯಿ ಹಾಕ್ದಂಗೆ ಸಾರ್" ಅಂದ. ನಾಲ್ಕನೇ ದಿನ ತಾಯಿ ನಿಲ್ಲಿಸುವುದರಲ್ಲಿದ್ದರು. ಉರಿ ಬರಬರುತ್ತಾ ಇಳಿಯುತ್ತದೆಂದು ಡಾಕ್ಟರು ಹೇಳಿದ್ದನ್ನು ಫೋನಿನಲ್ಲಿ ನೆನಪಿಸಿದೆ.

ಬೆಳಿಗ್ಗೆ ಹಚ್ಚಿದ ಮುಲಾಮಿನಿಂದ ಮೊದಲ ಪೀರಿಯಡ್ಡಿನಲ್ಲಿ ಅವನಿಗೆ ಬೋರ್ಡು ಮಂಜು. ಪಾಠಯೋಜನೆಯನ್ನು ತಿರುವಿಹಾಕಿದೆ: ಬಾಯಿಪ್ರಶ್ನೆ ಮೊದಲು, ಬೋರ್ಡಿನ ಕೆಲಸ ಕೊನೆಗೆ. ಗಮನವಿಲ್ಲದವನೆಂದು ಬರೆದಿದ್ದ ಹುಡುಗ ಹಿಂದಿನ ಪಾಠಗಳನ್ನೆಲ್ಲ ಕಿವಿಯಿಂದಲೇ ಕಲಿತಿದ್ದ!

ಸೂಕ್ಷ್ಮಜೀವಿಗಳ ಪಾಠದಲ್ಲಿ ಪೆನ್ಸಿಲಿನ್ ಜೊತೆ ಇನ್ನೊಂದು ಉದಾಹರಣೆ ಸೇರಿಸಿದೆ. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾ ಒಂದರಲ್ಲಿ ಸಿಕ್ಕಿದ್ದೇ ಟ್ಯಾಕ್ರೋಲಿಮಸ್. ಹುಡುಗ ಜೇಬಿನಿಂದ ಟ್ಯೂಬ್ ತೆಗೆದು ಮೇಲೆತ್ತಿ ಹಿಡಿದ. ದೂರ ಕೂರುತ್ತಿದ್ದವರೇ ನೋಡಲು ಮುಗಿಬಿದ್ದರು.

ಸಂಜೆ ಆ ಹಳೆಯ ಸಾಲಿಗೆ ಕೆಂಪು ಗೀರು ಎಳೆದೆ. ಮೇಲ್ವಿಚಾರಕ ಉಪನ್ಯಾಸಕರು ಪುಟ ನೋಡಿ, ಗೀರಿನ ಪಕ್ಕ ಕಾರಣ ಬರೆದು ದಿನಾಂಕ ಹಾಕಿ ಅಂದರು. ಜಾಗ ಸಾಲದೆ ಹಿಂಬದಿಗೂ ಬರೆದೆ.