ಇಳಿದ ತೂಕ, ಉಳಿದ ಜೋಲು

ತೂಕ ಇಳಿಸಲು ಹೊರಟವರಿಗೆ ಮೊದಮೊದಲು ಇರುವುದು ತೂಕದ ಯಂತ್ರ ಜಗ್ಗುವುದಿಲ್ಲವೆಂಬ ಒಂದೇ ಕೊರಗು. ಅದು ಜಗ್ಗತೊಡಗಿ ಆರೆಂಟು ತಿಂಗಳು ಕಳೆದ ಮೇಲೆ ಹಳೆಯ ಕೊರಗಿನ ಜಾಗಕ್ಕೆ ಹೊಸದೊಂದು ಬಂದು ಕೂರುತ್ತದೆ. ಕೈ ಎತ್ತಿದರೆ ರಟ್ಟೆಯ ಅಡಿಭಾಗ ಅಲುಗಾಡುತ್ತದೆ, ಬಗ್ಗಿದರೆ ಹೊಕ್ಕುಳ ಕೆಳಗಿನ ಮಡಿಕೆ ಮುಂದಕ್ಕೆ ಜೋತುಬೀಳುತ್ತದೆ, ಮದುವೆ ಮನೆಯಲ್ಲಿ ಸಿಕ್ಕ ನೆಂಟರು ಮೆಚ್ಚುವ ಬದಲು ‘ಏನು, ಮೈಗೆ ಹುಷಾರಿರಲಿಲ್ಲವೇ’ ಎಂದು ವಿಚಾರಿಸುತ್ತಾರೆ. ಈ ಜೋಲಿಗೆಲ್ಲ ಚರ್ಮವೇ ಹೊಣೆಯೆಂದು ಸಾಮಾನ್ಯವಾಗಿ ತೀರ್ಮಾನವಾಗುತ್ತದೆ. ಆದರೆ ಮನೆಯಲ್ಲೇ ವ್ಯಾಯಾಮ ಮಾಡಿ ಹತ್ತು ಹನ್ನೆರಡು ಕಿಲೋ ಇಳಿಸಿದವರ ಮಟ್ಟಿಗೆ ಹೇಳುವುದಾದರೆ, ಚರ್ಮದ ಪಾಲು ಜನ ನಂಬಿರುವಷ್ಟು ಇರುವುದು ಅಪರೂಪ. ಇನ್ನೂ ಕರಗದೆ ಉಳಿದ ಕೊಬ್ಬು, ಕೊಬ್ಬಿನ ಜೊತೆಗೇ ಯಾರಿಗೂ ತಿಳಿಯದಂತೆ ಕರಗಿಹೋದ ಸ್ನಾಯು, ಇವೆರಡರ ಪಾಲೇ ಹೆಚ್ಚು.

ಇದನ್ನು ಪರೀಕ್ಷಿಸಲು ಹೆಬ್ಬೆರಳು, ತೋರುಬೆರಳು ಸಾಕು. ಹಸ್ತದ ಮೇಲ್ಭಾಗದ ಚರ್ಮವನ್ನು ಚಿವುಟಿ ಎತ್ತಿದರೆ ಬೆರಳುಗಳ ನಡುವೆ ಸಿಗುವುದು ಕೆಲವೇ ಮಿಲಿಮೀಟರು ದಪ್ಪದ ಜೋಡಿ ಪದರ, ಏಕೆಂದರೆ ಅಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಹೊಕ್ಕುಳ ಪಕ್ಕದ ಮಡಿಕೆಯನ್ನು ಹಾಗೆಯೇ ಎತ್ತಿದಾಗ ಅದೂ ಅಷ್ಟೇ ತೆಳ್ಳಗೆ, ಸುಕ್ಕುಸುಕ್ಕಾಗಿ ಬಂದರೆ ಅದು ನಿಜವಾದ ಹೆಚ್ಚುವರಿ ಚರ್ಮ. ಒಂದು ಅಂಗುಲ ದಪ್ಪಗೆ, ಮೆತ್ತಗೆ ಬಂದರೆ ಇಳಿಯಬೇಕಾದ ಕೊಬ್ಬು ಇನ್ನೂ ಅಲ್ಲೇ ಕೂತಿದೆ ಎಂದರ್ಥ. ಇದೇ ಚಿವುಟನ್ನು ಕ್ಯಾಲಿಪರ್ ಎಂಬ ಇಕ್ಕಳದಿಂದ ಅಳೆದು ಇಡೀ ಮೈಯ ಕೊಬ್ಬಿನ ಅಂದಾಜು ಮಾಡುವ ಪದ್ಧತಿ ವ್ಯಾಯಾಮ ವಿಜ್ಞಾನದಲ್ಲಿ ಬಹುಕಾಲದಿಂದ ಇದೆ. ತಮ್ಮ ಚರ್ಮ ಸಡಿಲವಾಯಿತೆಂದು ಕೊರಗುವವರಲ್ಲಿ ಬಹುಮಂದಿ ಈ ಪರೀಕ್ಷೆಯಲ್ಲಿ ಚರ್ಮವನ್ನು ನಿರ್ದೋಷಿಯೆಂದು ಬಿಟ್ಟುಬಿಡಬೇಕಾಗುತ್ತದೆ.

ಹಾಗೆಂದು ಚರ್ಮಕ್ಕೆ ಮಿತಿಯೇ ಇಲ್ಲವೆಂದಲ್ಲ. ಹೊರಗೆ ಕಾಣುವ ತೆಳುಪದರದ ಅಡಿಯಲ್ಲಿರುವ ಒಳಚರ್ಮದ ಒಣತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಕೊಲ್ಯಾಜನ್, ಅಂದರೆ ಎಳೆತವನ್ನು ತಡೆದು ನಿಲ್ಲುವ ಗಟ್ಟಿ ನಾರಿನ ಪ್ರೋಟೀನು. ಹಿಗ್ಗಿದ್ದನ್ನು ಮರಳಿ ಕುಗ್ಗಿಸುವ ಎಲಾಸ್ಟಿನ್ ಎಂಬ ಇನ್ನೊಂದು ಪ್ರೋಟೀನು ಶೇ. 2ರಿಂದ 4ರಷ್ಟು ಮಾತ್ರ. ಈ ಎಲಾಸ್ಟಿನ್ ಬಹುಪಾಲು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ ತಯಾರಾಗಿ ಮುಗಿಯುವುದರಿಂದ ಮನುಷ್ಯ ಉಳಿದ ಆಯುಷ್ಯವನ್ನು ಅದೇ ದಾಸ್ತಾನಿನಲ್ಲಿ ಕಳೆಯಬೇಕು, ಮತ್ತು ಬಿಸಿಲು, ಬೀಡಿ ಸಿಗರೇಟು, ವಯಸ್ಸು ಮೂರೂ ಅದನ್ನು ಸವೆಸುತ್ತಲೇ ಇರುತ್ತವೆ. ಎರಡು ಮೂರು ವರ್ಷ ಮಾತ್ರ ದಪ್ಪಗಿದ್ದ ಇಪ್ಪತ್ತೈದರ ಪ್ರಾಯದವರ ಚರ್ಮ ತೂಕದ ಹಿಂದೆಯೇ ತಾನೂ ಕುಗ್ಗಿಬರುವುದೂ, ಇಪ್ಪತ್ತು ವರ್ಷ ಹಿಗ್ಗಿ ನಿಂತ ಐವತ್ತರ ಹೊಟ್ಟೆಯ ಚರ್ಮ ಹಳೆಯ ಚಡ್ಡಿಯ ಇಲಾಸ್ಟಿಕ್ಕಿನಂತೆ ಜಡವಾಗಿ ಉಳಿಯುವುದೂ ಇದೇ ಕಾರಣಕ್ಕೆ. ಹೊರಗಿನಿಂದ ಕೊಲ್ಯಾಜನ್ ಕ್ರೀಮು ಸವರಿ ಈ ನಷ್ಟವನ್ನು ತುಂಬುತ್ತೇವೆಂಬ ಜಾಹೀರಾತುಗಳ ಬಗ್ಗೆ ಒಂದೇ ಮಾತು ಸಾಕು: ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಆರೋಗ್ಯವಂತ ಚರ್ಮದ ಹೊರಪದರವನ್ನು ದಾಟುವುದಿಲ್ಲ, ಕೊಲ್ಯಾಜನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಡಾಲ್ಟನ್ ಎಂದರೆ ಹೆಚ್ಚುಕಡಿಮೆ ಒಂದು ಹೈಡ್ರೋಜನ್ ಪರಮಾಣುವಿನ ತೂಕ.

ಕೊಬ್ಬಿನ ವಿಷಯದಲ್ಲಿಯೂ ಜನರ ಕಲ್ಪನೆಗೂ ದೇಹದ ಲೆಕ್ಕಕ್ಕೂ ಹೊಂದಾಣಿಕೆ ಕಡಿಮೆ. ಪ್ರಾಯಕ್ಕೆ ಬಂದವರಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಬಹುಮಟ್ಟಿಗೆ ಸ್ಥಿರವಾಗಿರುತ್ತದೆಂದೂ, ತೂಕ ಇಳಿದಾಗ ಅವು ಗಾತ್ರದಲ್ಲಿ ಕುಗ್ಗುತ್ತವೆಯೇ ಹೊರತು ಸಂಖ್ಯೆಯಲ್ಲಿ ಇಳಿಯುವುದಿಲ್ಲವೆಂದೂ 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕರಗಿದ ಕೊಬ್ಬು ಬೆವರಾಗಿ ಹರಿದುಹೋಗುತ್ತದೆಂಬ ನಂಬಿಕೆಯೂ ಹಾಗೆಯೇ. 10 ಕಿಲೋ ಕೊಬ್ಬು ಉರಿದಾಗ 8.4 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗಿ, ಉಳಿದ 1.6 ಕಿಲೋ ಮಾತ್ರ ನೀರಾಗುತ್ತದೆ. ಹೊಟ್ಟೆಗೆ ಬೆವರು ಪಟ್ಟಿ ಬಿಗಿದುಕೊಂಡು ಓಡುವವರು ಕಳೆದುಕೊಳ್ಳುವ ನೀರು ಮನೆಗೆ ಬಂದು ಒಂದು ಚೊಂಬು ನೀರು ಕುಡಿದೊಡನೆ ವಾಪಸಾಗಿರುತ್ತದೆ. ಜೋತ ಜಾಗಕ್ಕೇ ವ್ಯಾಯಾಮ ಕೊಟ್ಟರೆ ಅಲ್ಲಿನ ಕೊಬ್ಬೇ ಕರಗುತ್ತದೆಂಬುದು ಇನ್ನೂ ಗಟ್ಟಿಯಾಗಿ ಬೇರೂರಿದ ನಂಬಿಕೆ. ಒಂದೇ ಕೈಯಲ್ಲಿ ವರ್ಷಗಟ್ಟಲೆ ರ‍್ಯಾಕೆಟ್ ಬೀಸಿದ ಟೆನಿಸ್ ಆಟಗಾರರ ಎರಡೂ ತೋಳುಗಳ ಚರ್ಮದಡಿಯ ಕೊಬ್ಬನ್ನು 1971ರಲ್ಲಿ ಅಮೆರಿಕದ ಸಂಶೋಧಕರು ಅಳೆದಾಗ, ಆಡುವ ತೋಳಿನ ಸುತ್ತಳತೆ ಹೆಚ್ಚಿದ್ದರೂ ಕೊಬ್ಬಿನ ದಪ್ಪದಲ್ಲಿ ವ್ಯತ್ಯಾಸ ಸಿಗಲಿಲ್ಲ. ಕೊಬ್ಬು ಎಲ್ಲಿಂದ ಮೊದಲು ಹೋಗಬೇಕೆಂಬುದನ್ನು ವಂಶವಾಹಿಗಳೂ ಹಾರ್ಮೋನುಗಳೂ ನಿರ್ಧರಿಸುತ್ತವೆ; ಅಲ್ಲಿ ಮನವಿ ಸಲ್ಲಿಸಲು ಅವಕಾಶವಿಲ್ಲ.

ಆದರೆ ಅದೇ ಅಳತೆಯಲ್ಲಿ ಅಡಗಿರುವ ಇನ್ನೊಂದು ಸಂಗತಿಯೇ ಇಲ್ಲಿ ಮುಖ್ಯ: ಆಡುವ ತೋಳು ತುಂಬಿಕೊಂಡಿತ್ತು, ಮತ್ತು ತುಂಬಿದ್ದು ಸ್ನಾಯು. ವ್ಯಾಯಾಮವಿಲ್ಲದೆ ಬರಿಯ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ, ಇಳಿದದ್ದರಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಗಾಂಶ, ಅದರಲ್ಲಿ ಗಣನೀಯ ಪಾಲು ಸ್ನಾಯು. ಚರ್ಮದ ಅಡಿಯಿಂದ ಕೊಬ್ಬೂ ಹೋಗಿ, ಕೊಬ್ಬಿನ ಅಡಿಯಿಂದ ಸ್ನಾಯುವೂ ಹೋದರೆ ಚರ್ಮ ಆತುಕೊಳ್ಳಲು ಏನೂ ಉಳಿಯುವುದಿಲ್ಲ. ಭಾರತೀಯರಿಗೆ ಈ ನಷ್ಟ ಇನ್ನಷ್ಟು ದುಬಾರಿ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಮುಂದಿಟ್ಟು ಇದನ್ನು ತೋರಿಸಿದರು: ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿಎಂಐ ಇಬ್ಬರದೂ 22.3, ಆದರೆ ಮೈಯ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಹುಟ್ಟಿನಿಂದಲೇ ಸ್ನಾಯುವಿನ ಬಂಡವಾಳ ಕಡಿಮೆಯಿರುವ ಇಂಥ ಮೈಕಟ್ಟಿನವರು ಅದರಲ್ಲೂ ಒಂದಷ್ಟು ಕಳೆಯುವ ಪಥ್ಯಕ್ಕೆ ಇಳಿದರೆ, ತೂಕ ಸರಿಯಾಗಿಯೂ ಮೈ ಜೋಲುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಸ್ನಾಯುವನ್ನು ಉಳಿಸಿಕೊಳ್ಳುವ ದಾರಿಗೆ ಪ್ರತಿರೋಧ ವ್ಯಾಯಾಮವೆಂದು ಹೆಸರು. ಭಾರದ ಎದುರು ಸ್ನಾಯು ಸೆಣಸುವ ಯಾವುದೇ ಕಸರತ್ತೂ ಅದರಲ್ಲಿ ಸೇರುತ್ತದೆ, ಆ ಭಾರ ಸ್ವಂತ ಮೈಯದೇ ಆದರೂ ಸರಿ. ಬೆಳಗಿನ ನಡಿಗೆ ಹೃದಯಕ್ಕೆ, ಸಕ್ಕರೆಯ ನಿಯಂತ್ರಣಕ್ಕೆ ಒಳ್ಳೆಯದು. ರಟ್ಟೆಯನ್ನು ತುಂಬಿಸುವ ಕೆಲಸ ಅದರದಲ್ಲ. ಕರ್ನಾಟಕದ ಗರಡಿಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ದಂಡ, ಬಸ್ಕಿಗಳಿಗೆ ಬೇಕಾದ ಜಾಗ ಒಂದು ಚಾಪೆಯಷ್ಟೇ. ‘ಶಾಂತಲಾ’ ಕಾದಂಬರಿಯಿಂದ ಕನ್ನಡ ಓದುಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರಲ್ಲದೆ ದೂರದೂರಿನವರಿಗೆ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳುಹಿಸುತ್ತಿದ್ದರು. ಮನೆಯಲ್ಲೇ ಮೈ ಬೆಳೆಸುವ ವಿಚಾರ ಮೊಬೈಲಿನ ಜೊತೆಗೆ ಬಂದದ್ದಲ್ಲ.

ಎಷ್ಟು ಬಸ್ಕಿ ಹೊಡೆದರೂ ಫಲವಿಲ್ಲವೆನ್ನುವವರು ಸಾಮಾನ್ಯವಾಗಿ ತಪ್ಪುವುದು ಹೊರೆಯ ಏರಿಕೆಯಲ್ಲಿ. ಮೊದಲ ವಾರ ಹತ್ತು ಬಸ್ಕಿಗೆ ತೊಡೆ ನಡುಗಿದ್ದರೆ ಮೂರನೆಯ ತಿಂಗಳಲ್ಲೂ ಅದೇ ಹತ್ತನ್ನು ಸರಾಗವಾಗಿ ಮುಗಿಸಿ ತೃಪ್ತರಾಗುತ್ತಾರೆ, ಆದರೆ ನಡುಗದ ತೊಡೆಗೆ ಬೆಳೆಯಲು ಕಾರಣವೇ ಉಳಿದಿರುವುದಿಲ್ಲ. ಗೋಡೆಗೆ ಕೈಯೂರಿ ಆರಂಭಿಸಿದ ದಂಡ ಕ್ರಮೇಣ ಜಗಲಿಯ ಕಟ್ಟೆಗೆ, ಆಮೇಲೆ ನೆಲಕ್ಕೆ ಇಳಿಯಬೇಕು. ಬಸ್ಕಿಯಲ್ಲಿ ಕೆಳಗಿಳಿಯುವುದನ್ನು ಮೂರೆಣಿಕೆಯಷ್ಟು ನಿಧಾನಿಸಬೇಕು, ಬಳಿಕ 5 ಕಿಲೋ ಅಕ್ಕಿಚೀಲವನ್ನು ಎದೆಗವಚಿ ಮಾಡಬೇಕು. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು ಕೊಟ್ಟು ಮಾಡಿದರೆ ಸಾಕು. ಎಳೆಯುವ ಕಸರತ್ತಿಗೆ ಮಾತ್ರ ಇಂದಿನ ಮನೆಗಳಲ್ಲಿ ಆಸ್ಪದ ಕಡಿಮೆ. ಬಾವಿಯಿಂದ ನೀರು ಸೇದುತ್ತಿದ್ದ ಕಾಲದಲ್ಲಿ ಬೆನ್ನಿಗೂ ತೋಳಿಗೂ ಅದು ದಿನವೂ ತಾನಾಗಿ ಒದಗುತ್ತಿತ್ತು; ಈಗ ಆ ಲೋಪವನ್ನು ತುಂಬಲು ನೀರು ತುಂಬಿದ ಬಕೀಟನ್ನು ಸೊಂಟದಿಂದ ಬಗ್ಗಿ, ಬೆನ್ನು ನೇರವಿಟ್ಟು, ಪಕ್ಕೆಲುಬಿನತ್ತ ಎಳೆದುಕೊಳ್ಳಬೇಕಾಗಿದೆ. ಇಂಥ ವ್ಯಾಯಾಮ ಚರ್ಮವನ್ನೂ ಮುಟ್ಟಬಹುದೆಂಬುದಕ್ಕೆ ಸೂಚನೆಯಿದೆ: ಜಪಾನಿನಲ್ಲಿ ನಡುವಯಸ್ಸಿನ ಮಹಿಳೆಯರು 16 ವಾರ ಪಾಲ್ಗೊಂಡ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೈಕಲ್ ತುಳಿದವರಲ್ಲಿಯೂ ಭಾರ ಎತ್ತಿದವರಲ್ಲಿಯೂ ಚರ್ಮದ ಬಿಗುವು ಸುಧಾರಿಸಿತು, ಒಳಚರ್ಮ ದಪ್ಪವಾದದ್ದು ಭಾರ ಎತ್ತಿದವರಲ್ಲಿ ಮಾತ್ರ. ಅಧ್ಯಯನ ಚಿಕ್ಕದಾದ್ದರಿಂದ ಅದನ್ನು ಭರವಸೆಯೆನ್ನದೆ ಸೂಚನೆಯೆನ್ನುವುದೇ ಸರಿ.

ಕಸರತ್ತು ಕೆಲಸ ಮಾಡಬೇಕಾದರೆ ತಟ್ಟೆಯಲ್ಲಿ ಪ್ರೋಟೀನು ಇರಬೇಕು. ಸಾಮಾನ್ಯ ವಯಸ್ಕರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದೆ. ತೂಕ ಇಳಿಸುವಾಗ ಸ್ನಾಯು ಉಳಿಯಲು 1.2ರಿಂದ 1.6 ಗ್ರಾಂ ಬೇಕೆಂಬುದು ಪೋಷಣತಜ್ಞರಲ್ಲಿ ಬಳಕೆಯಲ್ಲಿರುವ ಲೆಕ್ಕ, ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಹಸಿ ಹುರುಳಿ ಅಥವಾ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ರಾಗಿಯಲ್ಲಿ 7 ಗ್ರಾಂ ಇರುತ್ತದೆ. ಬಸ್ಸಾರಿನ ಮನೆಗಳಲ್ಲಿ ಇದರ ಅರ್ಥ ಬೇಗ ತಿಳಿಯುತ್ತದೆ: ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಕಾಳು ಪಲ್ಯಕ್ಕೆ ಹೋಗುತ್ತದೆ, ತೂಕ ಇಳಿಸುವವರು ಸಾರಿನಲ್ಲಿ ಮುದ್ದೆ ಉಂಡು ಪಲ್ಯವನ್ನು ಚಮಚದಷ್ಟು ಬಡಿಸಿಕೊಂಡರೆ ಪ್ರೋಟೀನಿನ ಬಹುಪಾಲು ಬಾಣಲೆಯಲ್ಲೇ ಉಳಿಯುತ್ತದೆ. ಕೊಲ್ಯಾಜನ್ ಹೆಣೆಯಲು ದೇಹಕ್ಕೆ ಸಿ ಜೀವಸತ್ವವೂ ಬೇಕು. ನೆಲ್ಲಿಕಾಯಿ, ಸೀಬೆಹಣ್ಣು ಸಿಗುವ ನಾಡಿನಲ್ಲಿ ಅದಕ್ಕೆ ಮಾತ್ರೆ ಹುಡುಕುವ ಅಗತ್ಯವಿಲ್ಲ.

ವೇಗದ ಮಾತೂ ಇದೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸ್ನಾಯು ಉಳಿಯುವ ಸಂಭವ ಹೆಚ್ಚು. ಅದಕ್ಕಿಂತ ಅವಸರಪಟ್ಟವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಜೊತೆಗಿರುತ್ತದೆ. ತೂಕ ನಿಂತ ಮೇಲೂ ಚರ್ಮ ತಿಂಗಳುಗಟ್ಟಲೆ ಕುಗ್ಗುತ್ತಿರಬಹುದಾದ್ದರಿಂದ ಆ ತನಕ ಕನ್ನಡಿಯೊಡನೆ ಜಗಳ ಕಾಯುವುದರಲ್ಲಿ ಅರ್ಥವಿಲ್ಲ.

ಹೆರಿಗೆಯ ನಂತರದ ಹೊಟ್ಟೆಯ ಕಥೆ ಸ್ವಲ್ಪ ಬೇರೆ. ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಬಿಗಿಯುವ ರೂಢಿ ಸೊಂಟಕ್ಕೆ ಆಸರೆ ಕೊಡುತ್ತದೆ, ಚರ್ಮವನ್ನು ಕುಗ್ಗಿಸುವುದಿಲ್ಲ. ಹೊಟ್ಟೆಯ ನಡುಗೆರೆಯ ಎರಡು ಬದಿಯ ಸ್ನಾಯುಪಟ್ಟಿಗಳು ಬಸಿರಿನಲ್ಲಿ ದೂರ ಸರಿದು ಹಾಗೇ ಉಳಿದಿದ್ದರೆ, ಅವಸರದಲ್ಲಿ ಮಲಗಿ ಏಳುವ ಕಸರತ್ತುಗಳಿಗೆ ತೊಡಗುವ ಮೊದಲು ಭೌತಚಿಕಿತ್ಸಕರಿಗೆ ತೋರಿಸಿಕೊಳ್ಳುವುದು ಲೇಸು.

ನಲವತ್ತು ಐವತ್ತು ಕಿಲೋ ಇಳಿಸಿದವರ ಮುಂದೆ ಈ ಉಪಾಯಗಳೆಲ್ಲ ಸಣ್ಣವು. ಅಲ್ಲಿ ಸೆರಗಿನಂತೆ ಇಳಿಬಿದ್ದದ್ದು ನಿಜವಾಗಿ ಚರ್ಮವೇ. ಮಡಿಕೆಗಳ ನಡುವೆ ಬೆವರು ನಿಂತು ಹುಣ್ಣು, ತುರಿಕೆ ಆಗುವುದರಿಂದ ಅದು ಅಂದದ ಪ್ರಶ್ನೆಯಾಗಿಯೂ ಉಳಿಯುವುದಿಲ್ಲ. ಹೆಚ್ಚುವರಿ ಚರ್ಮವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೊಂದೇ ಆಗ ಇರುವ ದಾರಿ. ಅದನ್ನೂ ಶಸ್ತ್ರವೈದ್ಯರು ತೂಕ ಹಲವು ತಿಂಗಳು ಏರುಪೇರಿಲ್ಲದೆ ನಿಂತದ್ದನ್ನು ನೋಡಿಯೇ ಕೈಗೆತ್ತಿಕೊಳ್ಳುತ್ತಾರೆ, ಮತ್ತು ಹೊಟ್ಟೆಯ ಮೇಲೆ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಹಾಯುವ ಕಲೆ ಉಳಿಯುತ್ತದೆಂದು ಮೊದಲೇ ಹೇಳಿರುತ್ತಾರೆ.