ಗೋಡೆಯ ಮೇಲಿನ ಆರು ಗೆರೆ

ಬೇಸಿಗೆ ರಜೆಗೆ ಬಂದ ಮೊಮ್ಮಗ ಮೊದಲ ದಿನವೇ ನನ್ನ ಊರುಗೋಲು ಎತ್ತಿಕೊಂಡು, "ತಾತಾ, ಹುಷಾರ್!" ಎಂದು ಎದುರು ನಿಂತ. ಆರನೇ ತರಗತಿಯ ಹುಡುಗ. ಭವಾನಿ ದೇವಿಯವರ ಸೇಬರ್ ಆಟ ನೋಡಿ ಹುಚ್ಚು ಹಿಡಿಸಿಕೊಂಡಿದ್ದ. ಫೆನ್ಸಿಂಗ್‌ನಲ್ಲಿ ಭಾರತದಿಂದ ಒಲಿಂಪಿಕ್ಸ್‌ಗೆ ಹೋದ ಮೊದಲಿಗರು ಅವರು. ಕಲಿಯುವ ಕಾಲದಲ್ಲಿ ಬಿದಿರು ಕೋಲು ಹಿಡಿದೇ ಅಭ್ಯಾಸ ಮಾಡಿದ್ದರಂತೆ. ಹಾಗಾಗಿ ನನ್ನ ಊರುಗೋಲಿಗೂ ಆ ಯೋಗ ಬಂತು.

ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಎಳನೀರು ಕೊಚ್ಚುವ ಮಚ್ಚು ಬಿಟ್ಟರೆ ಬೇರೆ ಆಯುಧ ಮುಟ್ಟಿದವನಲ್ಲ. ಆದರೆ ಹಳೆಯ ಪುಸ್ತಕಗಳ ಚಿತ್ರ ನೋಡುವ ಚಟವಿದೆ. ಯುರೋಪಿನ ಸೈನ್ಯಗಳಲ್ಲಿ ಕತ್ತಿವರಸೆ ಕಲಿಸಲು ಬರೆದ ಕೈಪಿಡಿಗಳ ಪುಟಗಳನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೆ. "ಸುಮ್ಮನೆ ಬೀಸಬೇಡ ಕಣೋ, ಇದಕ್ಕೂ ಪಾಠ ಇದೆ" ಎಂದು ಆ ಕಟ್ಟು ಬಿಚ್ಚಿದೆ.

ಮೊದಲು ಸಿಕ್ಕಿದ್ದು ಲೆ ಮರ್ಶಾಂಟ್ ಎಂಬ ಇಂಗ್ಲಿಷ್ ಸೇನಾಧಿಕಾರಿಯದು. 1793ರ ಹೊತ್ತಿಗೆ ಫ್ಲ್ಯಾಂಡರ್ಸ್‌ನಲ್ಲಿ ಫ್ರೆಂಚರ ಮೇಲೆ ಯುದ್ಧಕ್ಕೆ ಹೋಗಿದ್ದಾಗ ತನ್ನ ಕಡೆಯ ಸವಾರರ ಕತ್ತಿವರಸೆ ನೋಡಿ ಅವನಿಗೆ ತಲೆ ತಗ್ಗಿಸುವಂತಾಯಿತು. ಬೀಸಿದ ಕತ್ತಿ ಎಷ್ಟೋ ಸಲ ತಮ್ಮದೇ ಕುದುರೆಗೆ, ತಮಗೇ ತಾಗುತ್ತಿತ್ತು! ಊರಿಗೆ ಮರಳಿ, ಬರ್ಮಿಂಗ್‌ಹ್ಯಾಮ್‌ನ ಕತ್ತಿ ತಯಾರಕನೊಬ್ಬನ ಜೊತೆ ಸೇರಿ ಹೊಸ ಬಾಗುಕತ್ತಿ ಮಾಡಿಸಿದ. 1796ರಲ್ಲಿ ಸವಾರರ ಕತ್ತಿವರಸೆಗೆ ಪುಸ್ತಕವನ್ನೂ ಬರೆದ.

ಅವನ ಪಾಠ ಶುರುವಾಗುವುದು ಗೋಡೆಯಿಂದ. ಒಂದು ವೃತ್ತ, ಅದರೊಳಗೆ ಹೊಡೆತದ ದಾರಿ ತೋರಿಸುವ ಗೆರೆಗಳು. ಮೇಲಿನಿಂದ ಓರೆ, ಕೆಳಗಿನಿಂದ ಓರೆ, ಅಡ್ಡ. ಬಲದಿಂದ ಮೂರು, ಎಡದಿಂದ ಮೂರು. ಒಟ್ಟು ಆರು, ಪ್ರತಿಯೊಂದಕ್ಕೂ ನಂಬರು. ಎಳೆಯ ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೇ. ನಾನು ಹಿತ್ತಲ ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ವೃತ್ತ ಬರೆದುಕೊಟ್ಟೆ. (ಕೈ ಈಗ ನಡುಗುತ್ತದೆ. ಆದರೂ ವೃತ್ತ ದುಂಡಗೇ ಬಂತು, ಹೇಳಿಕೊಳ್ಳದೆ ಇರಲಾರೆ.) ನಾನು ನಂಬರು ಕೂಗುವುದು, ಅವನು ಕೋಲು ಬೀಸುವುದು. ಮೂರೇ ದಿನದಲ್ಲಿ ಆರೂ ಬಾಯಿಪಾಠ, ಕೈಪಾಠ ಎರಡೂ ಆಯಿತು.

ಬಯೊನೆಟ್ ಪುಸ್ತಕದ ಕಥೆ ಹೇಳಿದಾಗ ಬಿದ್ದು ಬಿದ್ದು ನಕ್ಕ. ಬಯೊನೆಟ್ ಎಂದರೆ ಬಂದೂಕಿನ ಮೂತಿಗೆ ಸಿಕ್ಕಿಸುವ ಚೂರಿ. ಕಂಪನಿಯ ಬೊಂಬಾಯಿ ಸೇನೆಯಲ್ಲಿದ್ದ ರಿಚರ್ಡ್ ಬರ್ಟನ್ 1853ರಲ್ಲಿ ಅದರ ವರಸೆಗೊಂದು ಪುಸ್ತಕ ಬರೆದ. ಅವನ ಹೆಂಡತಿ ಬರೆದ ಜೀವನಚರಿತ್ರೆಯ ಪ್ರಕಾರ, ಸರ್ಕಾರ ಮೊದಲು ಗದರಿತು, ಆಮೇಲೆ ಅದನ್ನೇ ಬಳಸಿಕೊಂಡಿತು. ಕೊನೆಗೆ ದೊಡ್ಡ ಮೊಹರಿನ ಲಕೋಟೆಯೊಂದು ಬಂತು. ಒಳಗಿದ್ದದ್ದು ಖಜಾನೆಯಿಂದ ಒಂದು ಶಿಲಿಂಗ್ ಪಡೆಯಲು ಅನುಮತಿ! ಬರ್ಟನ್ ಹೋಗಿ ಅದನ್ನು ಈಸಿಕೊಂಡು, ಹೊರಗೆ ಸಿಕ್ಕ ಭಿಕ್ಷುಕನಿಗೆ ಕೊಟ್ಟನಂತೆ.

ನನಗೆ ಇಷ್ಟವಾದದ್ದು ನೋಲನ್ ಬರೆದದ್ದು. ಅವನ ಕುದುರೆ ಸವಾರರ ಪಡೆ ನಮ್ಮ ಬೆಂಗಳೂರಿನಲ್ಲೇ ಬೀಡುಬಿಟ್ಟಿತ್ತು. ಹೈದರಾಬಾದ್ ನಿಜಾಮನ ಸವಾರರ ಕತ್ತಿಯೇಟು ಅಷ್ಟು ಭಯಂಕರವಾಗಿರುವುದು ಹೇಗೆ ಎಂದು ಅವನಿಗೆ ಕುತೂಹಲ. ಹೋಗಿ ನೋಡಿದರೆ, ಬ್ರಿಟಿಷರೇ ಬೇಡವೆಂದು ತೆಗೆದುಹಾಕಿದ ಹಳೆಯ ಅಲಗುಗಳಿಗೆ ಅವರು ಬೇರೆ ಹಿಡಿ ಹಾಕಿಸಿಕೊಂಡಿದ್ದರು. ಒರೆ ಮಾತ್ರ ಮರದ್ದು. ಬ್ರಿಟಿಷರ ಉಕ್ಕಿನ ಒರೆಯಲ್ಲಿ ಕತ್ತಿ ಉಜ್ಜಿ ಉಜ್ಜಿ ಮೊಂಡಾಗುತ್ತಿತ್ತು. ಹೇಗೆ ಹೊಡೆಯಬೇಕೆಂದು ಕಲಿಸುತ್ತೀರಿ ಎಂದು ಕೇಳಿದರೆ ಅಲ್ಲಿನ ಹಳೆಯ ಸವಾರ, ಏನೂ ಕಲಿಸುವುದಿಲ್ಲ, ಹರಿತವಿದ್ದರೆ ಯಾರ ಕೈಯಲ್ಲಾದರೂ ಕಡಿಯುತ್ತದೆ ಎಂದುಬಿಟ್ಟನಂತೆ. ಆರು ನಂಬರಿನ ಪಾಠಕ್ಕೆ ಅಲ್ಲಿಗೆ ಮಂಗಳ! ನಮ್ಮಾಕೆ ಈಳಿಗೆಮಣೆಯ ಬಗ್ಗೆ ನಲವತ್ತು ವರ್ಷದಿಂದ ಹೇಳುತ್ತಿರುವುದೂ ಇದನ್ನೇ.

"ತಾತಾ, ಪುಸ್ತಕ ಬರೆದೋರು ಯುದ್ಧದಲ್ಲಿ ಗೆದ್ರಾ?" ಎಂದು ಕೇಳಿದ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಲೆ ಮರ್ಶಾಂಟ್ 1812ರಲ್ಲಿ ಸ್ಪೇನಿನ ಸಾಲಮಾಂಕಾದಲ್ಲಿ ಸವಾರರನ್ನು ಮುನ್ನಡೆಸಿದ. ಆ ದಿನ ಅವರೇ ಗೆದ್ದರು. ಅವನು ಮಾತ್ರ ಗುಂಡು ತಗುಲಿ ಸತ್ತ. ನೋಲನ್ ಸತ್ತದ್ದು 1854ರಲ್ಲಿ, ಬಾಲಕ್ಲಾವಾದಲ್ಲಿ. ತೋಪಿನ ಗುಂಡು ಸಿಡಿದು ಒಂದು ಚೂರು ಎದೆಗೆ ಹೊಕ್ಕಿತು. ಇಬ್ಬರನ್ನೂ ಕೊಂದದ್ದು ಕತ್ತಿಯಲ್ಲ.

"ಅಂದ್ರೆ ಆರು ನಂಬರೂ ಗೊತ್ತಿದ್ರೂ..." ಎಂದವನು ಅಲ್ಲಿಗೇ ನಿಲ್ಲಿಸಿದ. ಊರುಗೋಲು ತಂದು ನನ್ನ ಕುರ್ಚಿಗೆ ಒರಗಿಸಿದ. ಆಗ ನನಗೆ ಹೊಳೆಯಿತು. ಇವನ ಅಪ್ಪ, ಅಂದರೆ ನನ್ನ ಮಗ, ಸೇನೆಯಲ್ಲಿ ಹವಾಲ್ದಾರ್. ಗಡಿಯ ಮೇಲಿನ ಠಾಣೆಗೆ ಹೋಗಿ ಹನ್ನೆರಡು ದಿನವಾಗಿತ್ತು, ಫೋನ್ ಬಂದಿರಲಿಲ್ಲ. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಹುಡುಗನೂ ನಮ್ಮ ಹಾಗೇ ದಿನ ಎಣಿಸುತ್ತಿದ್ದಾನೆಂದು ನನಗೆ ತಿಳಿದದ್ದು ಆಗಲೇ. ಎರಡು ದಿನ ಅವನು ಹಿತ್ತಲ ಕಡೆ ಸುಳಿಯಲಿಲ್ಲ. ನಾನೂ ಕಟ್ಟು ಬಿಚ್ಚಲಿಲ್ಲ.

ಮೂರನೇ ದಿನ ರಾತ್ರಿ ಊಟದ ಹೊತ್ತಿಗೆ ಫೋನ್ ಬಂತು. ಎಂಜಲು ಕೈಯಲ್ಲೇ ಓಡಿಹೋಗಿ ಎತ್ತಿಕೊಂಡ ಹುಡುಗ ಕೇಳಿದ ಮೊದಲ ಮಾತು: "ಅಪ್ಪಾ, ನಿನ್ನ ಹತ್ರ ಬಯೊನೆಟ್ ಇದ್ಯಾ?"

ಆ ಕಡೆಯಿಂದ ಗರಗರ ಸದ್ದಿನ ನಡುವೆ ಮಗನ ನಗು ಕೇಳಿಸಿತು. "ಇದೆ ಕಣೋ. ಒರೇಲೇ ಇರತ್ತೆ. ಯಾಕೆ?"

ಗೋಡೆಯ ವಿಷಯವೆಲ್ಲ ವರದಿಯಾಯಿತು. "ಅಮ್ಮ ಬರೋದ್ರೊಳಗೆ ಅದನ್ನ ಒರೆಸಿಬಿಡು, ಇಲ್ಲಾಂದ್ರೆ ತಾತಂಗೂ ಬೈಗುಳ" ಎಂದ ನನ್ನ ಮಗ.

ಹುಡುಗ ಇನ್ನೂ ಒರೆಸಿಲ್ಲ. ಸೊಸೆ ಶನಿವಾರ ಬರುತ್ತಾಳೆ.