ವೃದ್ಧ ಗಣಕಕ್ಕೊಂದು ಹಗುರ ವ್ಯವಸ್ಥೆ

ಯಂತ್ರಕ್ಕೆ ಮುಪ್ಪು ಎರಡು ಬಗೆಯಿಂದ ಬರುತ್ತದೆ. ಭಾಗಗಳು ಸವೆದು ಬರುವುದು ಒಂದು; ಸುತ್ತಲಿನ ಲೋಕದ ಬೇಡಿಕೆ ಬೆಳೆದುದರಿಂದ ಬರುವುದು ಇನ್ನೊಂದು. ಗಣಕಯಂತ್ರವನ್ನು ಬಹುಮಟ್ಟಿಗೆ ಕಾಡುವುದು ಎರಡನೆಯ ಮುಪ್ಪೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಎಂ.ಬಿ. ರ‍್ಯಾಮ್ ಸಾಕಾಗಿತ್ತು, 2021ರ ವಿಂಡೋಸ್ 11 ಕೇಳುವುದು 4 ಜಿ.ಬಿ. ಇಪ್ಪತ್ತು ವರ್ಷಗಳಲ್ಲಿ ಹಸಿವು ಅರುವತ್ತನಾಲ್ಕು ಪಟ್ಟು ಬೆಳೆಯಿತು. ಇದರಲ್ಲಿ ಹಳೆಯ ಯಂತ್ರದ ಅಪರಾಧವೇನು?

ನಿವೃತ್ತ ಕನ್ನಡ ಪಂಡಿತರೊಬ್ಬರ ಮನೆಯಲ್ಲಿ ಇಂಥದೊಂದು ಯಂತ್ರವಿತ್ತು: 32 ಬಿಟ್‌ನ ಪೆಂಟಿಯಂ 4, 512 ಎಂ.ಬಿ. ರ‍್ಯಾಮ್. ತಮ್ಮ ಸೀಮೆಯ ಶಾಸನಗಳನ್ನು ಕುರಿತು ಅವರು ಹಲವು ವರ್ಷ ಬರೆದುದೆಲ್ಲವೂ ನುಡಿ ತಂತ್ರಾಂಶದ ಅಕ್ಷರಗಳಲ್ಲಿ ಅದರೊಳಗೇ ಇದ್ದಿತು. ಅದರಲ್ಲಿದ್ದ ಎಕ್ಸ್‌ಪಿಗೆ ತಯಾರಕರ ರಕ್ಷಣೆ 2014ರ ಏಪ್ರಿಲಿನಲ್ಲಿಯೇ ನಿಂತುಹೋಗಿತ್ತು. ಗುಜರಿಗೆ ಕೊಡೋಣವೆಂದು ಮಗ ಹೇಳಿದಾಗ ಪಂಡಿತರ ಮನಸ್ಸು ಒಪ್ಪಲಿಲ್ಲ. "ಒಂದು ವಾರ ತಡೀರಿ ಅಜ್ಜಾ, ನೋಡೋಣ" ಎಂದು ಮೊಮ್ಮಗಳು ಲಿನಕ್ಸಿನ ಹಗುರ ಬಗೆಗಳನ್ನು ಅರಸತೊಡಗಿದಳು. ಕಡತಗಳನ್ನೆಲ್ಲ ಮೊದಲು ಬೇರೆಡೆ ನಕಲು ಮಾಡಿಟ್ಟುದು ಅವಳ ಜಾಣ್ಮೆ.

ಹಗುರವೆಂಬ ಹೆಸರು ಹೊತ್ತುದೆಲ್ಲ ಹಳೆಯ ಯಂತ್ರಕ್ಕೆ ಒಗ್ಗುವುದಿಲ್ಲ. ಲುಬುಂಟು 2019ರಲ್ಲಿಯೇ 32 ಬಿಟ್ ಯಂತ್ರಗಳ ಕೈಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಸ್ಥಾಪನಾ ಮುದ್ರಿಕೆಯನ್ನೇ ಕೊಡಲಿಲ್ಲ. ಟೈನಿ ಕೋರ್ ಇಪ್ಪತ್ತು ಎಂ.ಬಿ.ಗಳ ಆಸುಪಾಸಿನ ಅದ್ಭುತವೇ ಸರಿ. ಆದರೆ ಅದು ಬರಿಯ ಗೋಡೆಗಳ ಮನೆ, ಪಾತ್ರೆಪಡಗವನ್ನೆಲ್ಲ ನಾವೇ ಹೊತ್ತು ತರಬೇಕು. ಬ್ಯಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪ್ಪಿ, ರ‍್ಯಾಮಿಗೇ ಏರಿ ಕುಳಿತು ಮುದಿ ಹಾರ್ಡ್ ಡಿಸ್ಕಿಗೆ ವಿಶ್ರಾಂತಿ ಕೊಡುತ್ತದೆ. ಅವಳ ಒಲವು ಕೊನೆಗೆ ಆಂಟಿಎಕ್ಸ್ 23ರ ಮೇಲೆ ನಿಂತಿತು. ಡೆಬಿಯನ್ 12ರ ಬುಡದಿಂದ ಚಿಗುರಿದ ಅದಕ್ಕೆ 32 ಬಿಟ್‌ನ ಆವೃತ್ತಿಯುಂಟು. ಡೆಬಿಯನ್ ಭಂಡಾರದ ಗುಬ್ಬಿ, ನವಿಲು ಮೊದಲಾದ ಕನ್ನಡ ಲಿಪಿಗಳೂ ಕನ್ನಡ ಕೀಲಿಮಣೆಯೂ ಅದಕ್ಕೆ ದೊರೆಯುತ್ತವೆ. ಪಂಡಿತರಿಗೆ ಬೇಕಾದುದು ಅದೇ ತಾನೆ?

ಮೊದಲು ಡಿ.ವಿ.ಡಿ.ಯಿಂದಲೇ ನಡೆಸಿ ಪರೀಕ್ಷಿಸಿ, ಪರದೆ, ಕೀಲಿಮಣೆ, ಮುದ್ರಕಗಳು ಸರಿಯೆಂದು ಕಂಡಮೇಲೆ ಸ್ಥಾಪಿಸಿದ್ದಾಯಿತು. ನುಡಿಯ ಲಿಪಿಕಡತಗಳನ್ನು ಹೊಸ ವ್ಯವಸ್ಥೆಯ ಲಿಪಿಕೋಶಕ್ಕೆ ನಕಲಿಸುವವರೆಗೆ ಶಾಸನಗಳೆಲ್ಲ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡವು. ನಕಲಿಸಿದೊಡನೆ ಹಳಗನ್ನಡದ ಸಾಲುಗಳು ಎದ್ದು ನಿಂತವು. ಲಿಬ್ರೆ ಆಫೀಸು ತೆರೆಯುವಷ್ಟರಲ್ಲಿ ಒಂದು ಬಟ್ಟಲು ಚಹ ಮುಗಿಯುತ್ತದೆ ಎಂಬುದು ನಿಜ. ತೆರೆದ ಮೇಲೆ ಬರೆಯಲು ಅಡ್ಡಿಯಿಲ್ಲ.

ಅಂತರ್ಜಾಲದ ಮಾತು ಬೇರೆ. ಇಂದಿನ ಒಂದು ಪತ್ರಿಕೆಯ ಪುಟವೇ ಇಡೀ ಕಾರ್ಯಾಚರಣ ವ್ಯವಸ್ಥೆಗಿಂತ ಹೆಚ್ಚು ರ‍್ಯಾಮ್ ಕಬಳಿಸುವುದುಂಟು; ಅದಕ್ಕೆ ಯಾವ ಹಗುರ ವ್ಯವಸ್ಥೆಯೂ ಮದ್ದಲ್ಲ. ಆದ್ದರಿಂದ ಆ ತಂತಿಯನ್ನು ಜೋಡಿಸಲೇ ಇಲ್ಲ. ಉಳಿದ ಎರಡು ಅಧ್ಯಾಯಗಳನ್ನು ಪಂಡಿತರು ಈಗ ಆ ಯಂತ್ರದಲ್ಲಿಯೇ ಬರೆಯುತ್ತಿದ್ದಾರೆ. ವೃತ್ತಪತ್ರಿಕೆಯನ್ನು ಮಾತ್ರ ಕಾಗದದಲ್ಲಿ ಓದುತ್ತಾರೆ.